ಗುರುಬಸವ್ವ ಕಲಿಸಿದ ಒಡಪು

ಆ ವರ್ಷ ಕಡಲೆ ಕೀಳುವ ಕಾಲಕ್ಕೆ ಗುರುಬಸವ್ವನಿಗೆ ಕುಳಿತಲ್ಲಿ ಕುಳ್ಳಿರಲು, ನಿಂತಲ್ಲಿ ನಿಲ್ಲಲು ಆಗದಂತಾಗಿತ್ತು. ಜೋಳ ಹಸನು ಮಾಡಲು ಮೊರ ಹಿಡಿದು ಕುಳಿತರೆ ಅರ್ಧಕ್ಕೇ ಎದ್ದು ಹಿತ್ತಲಿಗೆ ಹೋಗುವಳು. ಹಿತ್ತಲಿಗೆ ಯಾತಕ್ಕೆ ಬಂದೆನೆಂಬುದನ್ನು ಮರೆತು ಪಡಸಾಲೆಗೆ ಮರಳುವಳು. ಎಲ್ಲಕ್ಕಿಂತ ಅವಳನ್ನು ಹೆದರಿಸಿದ್ದು ಪೂಜೆಯ ಹೊತ್ತು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ದೃಷ್ಟಿ ನಿಲ್ಲಿಸಿದರೆ, ಗಂಡ ಲಿಂಗೈಕ್ಯನಾದ ದಿನವೂ ಕದಲದಿದ್ದ ಕಣ್ಣು ಈಗ ಬಾಗಿಲ ಕಡೆ ಹೊರಳುತ್ತಿತ್ತು.

ಕಾರಣ ರಾಮದುರ್ಗದ ಆ ಓಣಿಗೆಲ್ಲ ಗೊತ್ತಿತ್ತು. ಅವಳ ಕಿರಿಯ ಮಗ ಮಡಿವಾಳೆಪ್ಪ ಹೆಂಡತಿಯನ್ನೂ ಕೂಸನ್ನೂ ಕರೆದುಕೊಂಡು ಮತ್ತೆ ಕಡಲಾಚೆ ಹೋಗಲು ನಿಂತಿದ್ದ.

ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಅರರ ಲಡಾಯಿಯ ಕಾಲಕ್ಕೆ ಮಡಿವಾಳೆಪ್ಪ ಅಪ್ಪನ ಕೂಡ ಜಗಳಾಡಿ ಬೆಳಗಾವಿಗೆ ಹೋಗಿ, ಅಲ್ಲಿಯ ದಂಡಿನ ಕುದುರೆಗಳ ಸಂಗಡ ಕಾಳು ತೂಗುವವನಾಗಿ ಹಡಗು ಹತ್ತಿದ್ದ. ಲಡಾಯಿ ಮುಗಿದರೂ ತಿರುಗಿ ಬರಲಿಲ್ಲ. ಅಲ್ಲಿಯೇ ದರ್ಬಾನ ಎಂಬ ಊರಿನಲ್ಲಿ ಪಾಲಿನ ಮೇಲೆ ಕಿರಾಣಿ ಅಂಗಡಿ ಇಟ್ಟ. ಅಪ್ಪ ಹಾಸಿಗೆ ಹಿಡಿದ ಸುದ್ದಿ ತಲುಪಿದ ಮೇಲೆ ಬಂದ. ಬರುವಾಗ ಬಸುರಿ ಹೆಂಡತಿಯನ್ನು ಕರೆತಂದ. ಅವಳು ಮಾರಿಷಸ್ ದ್ವೀಪದವಳು. ಎತ್ತರದ ನಿಲುವು, ಕರಿ ಎಳ್ಳಿನಂಥ ಬಣ್ಣ, ಸುರುಳಿ ಸುರುಳಿ ಕೂದಲು. ಹೆಸರು ರಾಶೆಲ್ ಎಂದಳು. ಗುರುಬಸವ್ವನ ನಾಲಿಗೆಗೆ ಅದು ಹೊರಳಲಿಲ್ಲ. ಬಾಗಿಲಲ್ಲಿ ನಿಲ್ಲಿಸಿಕೊಂಡೇ, "ನೀ ರಾಚವ್ವ, ಬಾ ಒಳಗ" ಎಂದಳು. ಹಾಸಿಗೆಯಲ್ಲಿದ್ದ ಯಜಮಾನ ಸೊಸೆಯನ್ನು ಬಹಳ ಹೊತ್ತು ನೋಡಿ, "ಕುಬಸಾ ಚಂದಂಗ ಮಾಡ್ರಿ. ಓಣಿ ಮಂದಿನ್ನೆಲ್ಲಾ ಕರೀರಿ" ಎಂದಷ್ಟೇ ಹೇಳಿದ.

ಅವನ ಮಾತಿಗೆ ಬಸುರಿಯ ಸೀಮಂತವಾದ ಕುಬಸಕ್ಕೆ ಓಣಿಯೆಲ್ಲ ಬಂದಿತು. ರಾಚವ್ವನಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಮುತ್ತೈದೆಯರು ಉಡಿ ತುಂಬಿದರು. ಆದರೆ ಕೂಸು ಹುಟ್ಟುವ ಮುಂಚೆಯೇ ಯಜಮಾನ ಹೋದ. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕು; ರಾಚವ್ವನಿಗೆ ಇಲ್ಲಿ ಎಲ್ಲಿಯ ತವರು? ಗುರುಬಸವ್ವ ತನ್ನ ತವರಾದ ಸವದತ್ತಿಗೆ ಅವಳನ್ನು ಒಯ್ದಳು. ತಮ್ಮ ಶಂಕರೆಪ್ಪನ ಮನೆಯಲ್ಲಿ ಗಂಡುಕೂಸು ಹುಟ್ಟಿ, ಅಜ್ಜನ ಹೆಸರೇ ಬಂದಿತು. ಗಂಡನ ಹೆಸರನ್ನು ಬಾಯಿಂದ ಆಡದ ಗುರುಬಸವ್ವ ಮೊಮ್ಮಗನನ್ನು ಹೆಸರು ಹಿಡಿದು ಕರೆಯುವಂತಿರಲಿಲ್ಲ. "ಯಜಮಾನಾ", "ಮುದುಕಪ್ಪಾ", "ನಮ್ಮಪ್ಪಾ" ಎಂದು ಬಾಯಿಗೆ ಬಂದಂತೆ ಕರೆಯುವಳು. ಕೂಸು ಎಲ್ಲಕ್ಕೂ ನಗುತ್ತಿತ್ತು.

ಯಜಮಾನ ಹೋದ ಮೇಲೆ ಓಣಿಯ ಮುಖ ಬದಲಾಯಿತು. ಹಬ್ಬಕ್ಕೆ ಕರೆಯುವವರು ಗುರುಬಸವ್ವನನ್ನು ಕರೆದು, ರಾಚವ್ವನನ್ನು ಕಾಣದವರಂತೆ ಹೋಗುವರು. ಹಿರಿಯ ಸೊಸೆ ಸೋಮವ್ವ ರಾಚವ್ವನಿಗೆಂದು ನೀರಿನ ಕೊಡವೊಂದನ್ನು ಬೇರೆ ಇಟ್ಟಳು. ಯಾಕೆ ಎಂದರೆ, "ಏನಿಲ್ರಿ ಅತ್ತಿ, ಸುಮ್ನ" ಎಂದಳು. ರಾಚವ್ವ ಅಂದಿನಿಂದ ನೀರು ಬೇಕಾದಾಗ ಅತ್ತೆಯ ಚೆಂಬನ್ನೇ ಕೇಳತೊಡಗಿದಳು.

ದರ್ಬಾನಿಗೆ ಹೋಗುವುದು ಮೊದಲ ಸಲ ಹೋದಷ್ಟು ಸುಲಭವಿರಲಿಲ್ಲ. ಅಲ್ಲಿ ಹೊಸ ಕಾಯಿದೆ. ಮೊದಲೇ ಅಲ್ಲಿ ನೆಲೆ ನಿಂತವನು ಹೆಂಡತಿ ಮಕ್ಕಳನ್ನು ಕರೆತರಬಹುದು, ಆದರೆ ಲಗ್ನದ ಹೆಂಡತಿಯೆಂದು ಊರಿನ ಅಧಿಕಾರಿ ಬರೆದುಕೊಟ್ಟ ಕಾಗದ ಬೇಕು. ಇಲ್ಲದಿದ್ದರೆ ಬಂದ ಹಡಗಿನಲ್ಲೇ ತಿರುಗಿ ಕಳಿಸುವರು. ರಾಮದುರ್ಗ ಸಂಸ್ಥಾನದ ಕಚೇರಿಯಲ್ಲಿ ಕೇಳಿದರೆ, "ನಮ್ಮ ಶಿಕ್ಕಾ ಮೊಹರು ಕಡಲಾಚೆ ನಡೆಯೂದಿಲ್ಲ, ಇಂಗ್ರೇಜಿ ಸರಕಾರದ್ದು ತಗೋರಿ" ಎಂದರು. ಸವದತ್ತಿಯ ಕಚೇರಿಯಲ್ಲಿ, "ನೀವು ಸಂಸ್ಥಾನದ ರಯತರು, ನಮ್ಮವರಲ್ಲ" ಎಂದರು. ಮಡಿವಾಳೆಪ್ಪ ಚಕ್ಕಡಿ ಕಟ್ಟಿಕೊಂಡು ಎರಡು ಊರಿನ ನಡುವೆ ತಿರುಗಿ ತಿರುಗಿ ಎತ್ತುಗಳೂ ಬಡಕಲಾದವು.

ಕಡೆಗೆ ಶಂಕರೆಪ್ಪ ಸವದತ್ತಿಯ ಒಬ್ಬ ವಕೀಲರ ಹತ್ತಿರ ಎಲ್ಲರನ್ನೂ ಕರೆದೊಯ್ದ. ವಕೀಲರು ಎಲೆ ಅಡಿಕೆ ಮೆಲ್ಲುತ್ತ ಕೇಳಿ ನಕ್ಕರು.

"ಅಪ್ಪ ಸಂಸ್ಥಾನದಾಂವ, ಅವ್ವ ದ್ವೀಪದಾಕಿ, ಕೂಸು ಹುಟ್ಟಿದ್ದು ಸವದತ್ತಿಯೊಳಗ. ಒಂದ ಮನಿಯೊಳಗ ಮೂರು ರಾಜ್ಯ ಆತಲ್ಲೋ ಶಂಕರೆಪ್ಪಾ!"

"ನಗಬ್ಯಾಡ್ರೀ ವಕೀಲಸಾಹೇಬ್ರ. ಹಾದಿ ಹೇಳ್ರಿ."

"ಹಾದಿ ಕೂಸಿನಿಂದನ ಅದ. ಅದು ಸರಕಾರದ ಪ್ರಜಾ. ಅದರ ಹೆಸರಲೆ ಇಲ್ಲಿಯ ಮಾಮಲೇದಾರರಿಗೆ ಅರ್ಜಿ ಕೊಡೋಣು. ಲಗ್ನಕ್ಕ ಕಾಗದ ಏನರ ಅದ ಏನು?"

ಮಡಿವಾಳೆಪ್ಪ ತಲೆ ಅಲ್ಲಾಡಿಸಿದ. ದರ್ಬಾನಿನಲ್ಲಿ ತಮಿಳರ ಗುಡಿಯ ಪೂಜಾರಿಯೊಬ್ಬ ತಾಳಿ ಕಟ್ಟಿಸಿದ್ದ. ಅವನೂ ಈಗ ಇಲ್ಲ.

"ಇರಲಿ. ಲಗ್ನಾ ಕಂಡವರದ್ದಷ್ಟ ಸಾಕ್ಷಿ ಅಲ್ಲ. ಮನಿಯವರು ಆಕೀನ್ನ ಹೆಂಗ ನಡೆಸಿಕೊಂಡ್ರು ಅನ್ನೂದೂ ಸಾಕ್ಷಿನ." ವಕೀಲರು ಗುರುಬಸವ್ವನ ಕಡೆ ತಿರುಗಿದರು. "ಹಂಗಂದ್ರ ಎಲ್ಲಾ ನಿಮ್ಮ ಬಾಯಾಗ ಅದರೀ ಅಮ್ಮಾ. ಈ ಕಾಗದ ಸಿಗಲಿಲ್ಲಂದ್ರ ಇವರು ಹೋಗೂದು ಆಗೂದಿಲ್ಲ."

"ಇವರನ್ನ ಬಿಟ್ಟು ನಾ ಒಬ್ನ ಹೋಗಾಂವಲ್ಲ" ಎಂದ ಮಡಿವಾಳೆಪ್ಪ. "ಅಂಗಡಿ ಪಾಲಿನಾಂವಗ ಬಿಟ್ಟು ಇಲ್ಲೇ ಇರತೇನಿ."

ಎಲ್ಲಾ ನಿಮ್ಮ ಬಾಯಲ್ಲಿದೆ ಎಂಬ ಮಾತು ಗುರುಬಸವ್ವನ ಬೆನ್ನು ಹತ್ತಿತು. ತಾನು ಸುಮ್ಮನಿದ್ದರೆ ಮೊಮ್ಮಗ ಮಡಿಲಲ್ಲಿ ಉಳಿಯುತ್ತಾನೆ. ಅದೇ ಮಾತನ್ನು ತಮ್ಮನೂ ಮರುದಿನ ಬೆಳಿಗ್ಗೆ ದನದ ಕೊಟ್ಟಿಗೆಯ ಬಳಿ ತೆಗೆದ.

"ಅಕ್ಕಾ, ಲಗ್ನಾ ನೀ ನೋಡಿಯೇನು?"

"ಎಲ್ಲಿಂದ ನೋಡ್ಲೋ?"

"ನೋಡಿಲ್ಲಂತ ಹೇಳು. ಅಷ್ಟ ಹೇಳಿ ಬಾಯಿ ಮುಚ್ಚು. ಸುಳ್ಳಂತೂ ಅಲ್ಲಲ್ಲಾ? ದೇವರು ಕೇಳಿದ್ರೂ ಅದ ಹೇಳಬಹುದು."

"ಭಾಳ ಶಾಣ್ಯಾ ಆಗೀದಿ ನೀ."

"ತೀರಿದ ಮಾಮನ ಹೆಸರಿನ ಕೂಸು ಅಕ್ಕಾ. ಕಡಲಾಚೆ ಹೋದ್ರ ಮತ್ತ ಅದರ ಮಾರಿ ನೋಡೂದೈತೇನು ನಾವು?"

ಗುರುಬಸವ್ವ ಆಕಳಿಗೆ ಹುಲ್ಲು ಹಾಕಿದಳು. ಹಾಕಿದ ಮೇಲೆ, ಈಗಷ್ಟೇ ಯಾರೋ ಹಾಕಿದ್ದರೆಂದು ತಿಳಿದು ತಿರುಗಿ ಎತ್ತಿದಳು. ಸ್ನಾನ ಮಾಡಿ ಪೂಜೆಗೆ ಕುಳಿತಳು. ಲಿಂಗದ ಮೇಲಿನ ಪತ್ರಿ ಎರಡು ಸಲ ಜಾರಿ ಬಿದ್ದಿತು. ನೋಡಿಲ್ಲವೆಂಬುದು ಸತ್ಯ. ಆದರೆ ನೋಡದೆಯೂ ತಾನು ಬಲ್ಲದ್ದು ಇನ್ನೊಂದಿತ್ತಲ್ಲ, ಅದನ್ನು ಎಲ್ಲಿ ಬಚ್ಚಿಡಬೇಕು? ಅಂಗೈಯಲ್ಲಿ ಕುಳಿತವನಿಗೆ ಮರೆಯಾವುದು?

ಅರ್ಜಿಯ ವಿಚಾರಣೆಯ ದಿನ ಸವದತ್ತಿಯ ಕಚೇರಿಯಲ್ಲಿ ಬಹಳ ಜನ ಸೇರಿದ್ದರು. ಮಾಮಲೇದಾರರು ಧಾರವಾಡ ಕಡೆಯ ಬ್ರಾಹ್ಮಣರು, ದೊಡ್ಡ ರುಮಾಲು, ಮೆತ್ತನೆಯ ಮಾತು. ಪಕ್ಕದಲ್ಲಿ ಶಿರಸ್ತೇದಾರರು ಬರೆದುಕೊಳ್ಳುತ್ತಿದ್ದರು. ಮೊದಲು ಮಡಿವಾಳೆಪ್ಪನನ್ನು ಕೇಳಿ ಮುಗಿಸಿ, ರಾಚವ್ವನನ್ನು ಮುಂದೆ ಕರೆದರು. ಅವಳು ಸೆರಗು ಹೊದ್ದು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಳು.

"ನಿನ್ನ ಗಂಡನ ಹೆಸರೇನವಾ?"

"ಮಡಿವಾಳೆಪ್ಪ" ಎಂದಳು ರಾಚವ್ವ, ಗಟ್ಟಿಯಾಗಿ.

ಬಾಗಿಲ ಬಳಿ ನಿಂತವರೆಲ್ಲ ಗೊಳ್ಳೆಂದು ನಕ್ಕರು. "ಹೇ, ಹೆಸರ ತಗೊಂಡ್ಳಲ್ಲೋ!" ಎಂದ ಒಬ್ಬ. ಶಿರಸ್ತೇದಾರರು ಲೇಖಣಿ ಎತ್ತಿ, ತಗ್ಗಿದ ದನಿಯಲ್ಲಿ ಹೇಳಿದರೂ ಎಲ್ಲರಿಗೂ ಕೇಳಿಸಿತು: "ರಾವಸಾಹೇಬರ, ಲಗ್ನಾದ ಹೆಣ್ಣುಮಗಳು ನಾಕು ಮಂದಿಯೊಳಗ ಗಂಡನ ಹೆಸರು ಹಿಂಗ ಕೂಗತಾಳೇನ್ರಿ? ಇದು ಇಟ್ಟುಕೊಂಡ ಸಂಬಂಧ ಕಾಣಸ್ತದ."

ನಗೆ ಯಾಕೆಂದು ರಾಚವ್ವನಿಗೆ ತಿಳಿಯಲಿಲ್ಲ. ದರ್ಬಾನಿನ ಕಚೇರಿಗಳಲ್ಲಿ ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಟ್ಟು ರೂಢಿಯಾದವಳು. ಮಡಿವಾಳೆಪ್ಪನ ಮುಖ ಕಪ್ಪಿಟ್ಟಿತು.

ಮಾಮಲೇದಾರರು ಕೈ ಎತ್ತಿ ಗದ್ದಲ ನಿಲ್ಲಿಸಿದರು. "ಪರದೇಶದಾಕಿ, ಆಕಿಗೇನು ಗೊತ್ತು. ಆದರ ಸಾಕ್ಷಿ ಬೇಕಲ್ಲಾ. ಹುಡುಗನ ತಾಯಿ ಬಂದಾರೇನು? ಬರ್ರೀ ಅಮ್ಮಾ. ದೇವರನ್ನ ಸ್ಮರಿಸಿ ಖರೇ ಹೇಳ್ರಿ. ಇವರ ಲಗ್ನಾ ನೀವು ನೋಡೀರೇನು?"

ಗುರುಬಸವ್ವ ಮುಂದೆ ಬಂದು ನಿಂತಳು. "ಇಲ್ಲರಿ."

"ನಿಮ್ಮ ಮನಿಯವರು ಯಾರರೆ?"

"ಯಾರೂ ನೋಡಿಲ್ಲರಿ."

ಶಂಕರೆಪ್ಪ ಉಸಿರು ಬಿಟ್ಟದ್ದು ಬೆನ್ನ ಹಿಂದೆ ಕೇಳಿಸಿತು. ಮಾಮಲೇದಾರರು, "ಹಂಗಾದ್ರ ಸಾಕ್ಷಿ ಇಲ್ಲಂತ ಬರಕೋರಿ" ಎಂದು ಶಿರಸ್ತೇದಾರರಿಗೆ ಹೇಳಿದರು. ಲೇಖಣಿ ಮಸಿಯಲ್ಲಿ ಮುಳುಗಿತು. ಇನ್ನು ಒಂದೆರಡು ಸಾಲು ಬರೆದರೆ ಮುಗಿಯಿತು. ಸಂಜೆಗೆ ಚಕ್ಕಡಿ ಶಿರಸಂಗಿಯ ಹಾದಿ ಹಿಡಿದು ರಾಮದುರ್ಗಕ್ಕೆ ಹೊರಡುವುದು, ಕೂಸು ಅವಳ ತೊಡೆಯ ಮೇಲೆ ನಿದ್ದೆ ಮಾಡುವುದು.

ರಾಚವ್ವ ಗಂಡನ ಕಡೆ ನೋಡಲಿಲ್ಲ. ಅತ್ತೆಯ ಕಡೆ ನೋಡಿದಳು. ನೀರು ಬೇಕಾದಾಗ ಚೆಂಬು ಕೇಳುವ ನೋಟ ಅದು.

"ಅಪ್ಪಾರ, ಸ್ವಲ್ಪ ತಡೀರಿ" ಎಂದಳು ಗುರುಬಸವ್ವ. "ಇನ್ನೂ ಬರೀಬ್ಯಾಡ್ರಿ."

ಲೇಖಣಿ ನಿಂತಿತು.

"ಹೆಸರು ಹಂಗ ಹೇಳಿದ್ಳಂತ ಇವರೆಲ್ಲಾ ನಕ್ರು. ಹೆಂಗ ಹೇಳಬೇಕಂತ ನಾ ಆಕಿಗೆ ಕಲಿಸೇನ್ರಿ. ಹಂಗ ಕೇಳ್ರಿ, ಹೇಳತಾಳ. ರಾಚವ್ವಾ, ಒಡಪಾ ಹೇಳವಾ."

ರಾಚವ್ವ ಕಣ್ಣು ಪಿಳುಕಿಸಿದಳು. ಗಂಡನ ಹೆಸರನ್ನು ಹಾಡಿನ ಸಾಲಿನಲ್ಲಿ ಕಟ್ಟಿ ಹೇಳುವ ಒಡಪನ್ನು ಕುಬಸದ ದಿನ ಒಮ್ಮೆ ಹೇಳಿದ್ದಳು, ಅಷ್ಟೇ. ಇಷ್ಟು ಗಂಡಸರ ನಡುವೆ ಅದು ಬಾಯಿಗೆ ಬರಲಿಲ್ಲ. "ಮರತೈತಿ ಅತ್ತಿ... ಮೊದಲಿಂದು ಹೇಳ್ರಿ."

ಆ ಒಡಪು ಗುರುಬಸವ್ವನದೇ. ಲಗ್ನವಾಗಿ ಸವದತ್ತಿಯಿಂದ ರಾಮದುರ್ಗಕ್ಕೆ ಹೋದ ದಿನ ಹೊಸ್ತಿಲಲ್ಲಿ ತಡೆದು ನಿಲ್ಲಿಸಿದ ಹೆಂಗಸರಿಗೆ ಹೇಳಿದ್ದು. ಬಳೆ ಒಡೆದ ದಿನ ಅದನ್ನೂ ಬಾಯೊಳಗೆ ಮುಚ್ಚಿಟ್ಟಿದ್ದಳು. ಗಂಡನಿಲ್ಲದವಳು ಒಡಪು ಹೇಳುವ ಪದ್ಧತಿ ಎಲ್ಲಿಯೂ ಇಲ್ಲ. ಅವಳು ಸೆರಗಿನೊಳಗೆ ಕೊರಳ ಲಿಂಗವನ್ನು ಮುಟ್ಟಿಕೊಂಡಳು. ಕಣ್ಣು ಮುಚ್ಚಿ ಹೇಳಿದಳು:

"ಹೊಳಿ ದಾಟಿ ಬಂದೆ, ಹೊಸ್ತಿಲಕ ಶರಣೆಂದೆ,
ನಿಜಗುಣಪ್ಪನವರ ಮನಿಯ ದೀಪಾ ಹಚ್ಚಲಾಕ ನಿಂದೆ."

ತಾಯಿಯ ಕಂಕುಳಲ್ಲಿ ಕೂದಲು ಜಗ್ಗುತ್ತಿದ್ದ ಕೂಸು ತನ್ನ ಹೆಸರು ಕೇಳಿ ಸರ್ರನೆ ತಿರುಗಿ, ಅಜ್ಜಿಯ ಮುಖ ನೋಡಿ, "ಆಂ" ಎಂದಿತು. ಆ ಬಾಯಿಂದ ಆ ಹೆಸರನ್ನು ಅದು ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ರಾಚವ್ವನಿಗೆ ದಾರಿ ಸಿಕ್ಕಿತ್ತು. ಕುಬಸದ ದಿನ ಹೆಂಗಸರು ನಕ್ಕು ನಕ್ಕು ತಿದ್ದಿಕೊಟ್ಟ ಹಾಗೆಯೇ, ತನ್ನ ಮೊಂಡು ಉಚ್ಚಾರದಲ್ಲಿ, ತಲೆ ತಗ್ಗಿಸಿ ಹೇಳಿದಳು:

"ಕಡಲ ದಾಟಿ ಬಂದೆ, ಹೊಸ್ತಿಲಕ ಶರಣೆಂದೆ,
ಮಡಿವಾಳೆಪ್ಪನವರ ಮನಿಯ ದೀಪಾ ಹಚ್ಚಲಾಕ ನಿಂದೆ."

ಈ ಸಲ ನಕ್ಕವರಿಲ್ಲ. ಬಾಗಿಲ ಬಳಿಯ ಮುದುಕನೊಬ್ಬ, "ಭಲೆ ಮಗಳ" ಎಂದ.

ಮಾಮಲೇದಾರರು ಕೇಳಿದರು, "ಇದನ್ನ ಯಾವಾಗ ಕಲಿಸಿದ್ರಿ?"

"ಕುಬಸದಾಗ್ರಿ. ಹಸರ ಸೀರಿ ಉಡಿಸಿ, ಮುತ್ತೈದೇರು ಉಡಿ ತುಂಬ್ಯಾರ್ರಿ. ನಮ್ಮ ಯಜಮಾನ್ರು ಹಾಸಿಗ್ಯಾಗಿಂದನ ಓಣಿ ಮಂದೀನ್ನೆಲ್ಲಾ ಕರೆಸಿದ್ರು. ಸೊಸಿ ಅಲ್ಲದಾಕಿಗೆ ಯಾರು ಕುಬಸಾ ಮಾಡ್ತಾರ್ರಿ? ಲಗ್ನಾ ನಾ ನೋಡಿಲ್ಲ, ಖರೇ. ಸೊಸೀನ್ನ ನೋಡೇನಿ. ನಮ್ಮ ಮನಿಯಾಗ ಆಕಿ ಸೊಸಿ."

"ನಿಮಗ ಇವರು ಹೋಗೂದು ಮನಸ್ಸಿಗೆ ಬಂದದೇನು?"

"ಅದನ್ನ ಬರಕೋಬೇಕೇನ್ರಿ?"

ಮಾಮಲೇದಾರರು ಮುಖ ತಗ್ಗಿಸಿದರು. "ಇಲ್ಲ" ಎಂದರು. ಶಿರಸ್ತೇದಾರರತ್ತ ತಿರುಗಿ, "ಮನೆತನದ ಸೊಸಿ ಅಂತ ತಾಯಿ ಸಾಕ್ಷಿ ಹೇಳ್ಯಾಳ, ಬರಕೋರಿ" ಎಂದರು.

ಹೊರಗೆ ಬೇವಿನ ನೆರಳಿನಲ್ಲಿ ಎತ್ತು ಹೂಡುತ್ತ ಶಂಕರೆಪ್ಪ ಸಿಟ್ಟಿನಿಂದ ನೊಗಕ್ಕೆ ಗುದ್ದಿದ. "ಇನ್ನೊಂದ ಚಣಾ ಸುಮ್ನ ಕುಂತಿದ್ರ ಆಗ್ತಿತ್ತಲ್ಲ ಅಕ್ಕಾ."

"ಕುಂತು? ಸಂಜೀಗೆ ಲಿಂಗಾ ಅಂಗೈಯಾಗ ಇಟ್ಕೊಂಡು ಯಾವ ಮಾರೀಲೆ ನೋಡ್ಲಿ?"

ಅವನು ಕಣ್ಣೊರೆಸಿಕೊಂಡು ನೊಗದ ಕಣ್ಣಿ ಬಿಗಿದ.

ಚಕ್ಕಡಿ ಊರು ದಾಟಿದ ಮೇಲೆ ಗುರುಬಸವ್ವ ಕೂಸನ್ನು ತೊಡೆಗೆ ತೆಗೆದುಕೊಂಡಳು. ಕಾಲಿಗೆ ಜೋಮು ಹಿಡಿಯಿತೆಂದು ಸರಿದಳು, ಬಿಸಿಲೆಂದು ಮತ್ತೆ ಸರಿದಳು. ಮನಸ್ಸಿಗೆ ಇನ್ನೂ ನೆಲೆ ಸಿಕ್ಕಿರಲಿಲ್ಲ; ಹಡಗು ಹೋದ ಮೇಲೂ ಸಿಕ್ಕೀತೋ ಇಲ್ಲವೋ, ಶಿವನೇ ಬಲ್ಲ.

"ರಾಚವ್ವಾ, ನಿಮ್ಮ ದರ್ಬಾನದಾಗ ಹೊಳಿ ಐತೇನ?"

"ಸಣ್ಣದೈತ್ರಿ ಅತ್ತಿ. ನಮ್ಮ ಮನಿ ಮುಂದ ಬರೇ ಕಡಲು."

"ಹೊಳಿ ಆಗಲಿ, ಕಡಲ ಆಗಲಿ, ದಾಟಿನ ಬರಬೇಕು." ಗುರುಬಸವ್ವ ಕೂಸಿನ ಕೆನ್ನೆಗೆ ಬಂದ ಧೂಳು ಒರೆಸಿದಳು. "ಇಂವ ದೊಡ್ಡಾಂವಾಗಿ ಹೇಣ್ತೀನ್ನ ಕರಕೊಂಡು ಬಂದಾಗ, ಆಕೀನ್ನ ಹೊಸ್ತಿಲದಾಗ ತಡದು ನಿಲ್ಲಸು. ಒಡಪಾ ಹೇಳದ ಒಳಗ ಬಿಡಬ್ಯಾಡ. ಎಲ್ಲಿಯಾಕಿ ಆದ್ರೂ ಆಗಲಿ, ಕಲಿಸು."

"ಯಾವುದು, ಅತ್ತಿ? ನಂದೋ, ನಿಮ್ದೋ?"

ಗುರುಬಸವ್ವ ಕೂಸಿಗೆ ಬಿಸಿಲು ತಾಗದಂತೆ ಸೆರಗು ಮರೆ ಹಿಡಿದಳು.

"ಹ್ಯಾಂಗರ ಮಾಡು. ಹೆಸರು ಮಾತ್ರ ನನ್ನ ಒಡಪಾದಾಗಿಂದ ಬರ್ತೈತಲ್ಲವಾ, ನಿಜಗುಣಪ್ಪಂತ" ಎಂದಳು. ಕೂಸು ಮತ್ತೆ ತಲೆ ಎತ್ತಿ ಅವಳನ್ನು ನೋಡಿತು.