ಜೇಷ್ಠಮಧುವಿನ ಎರಡನೇ ಲೋಟ

ನಿಮ್ಮ ಗಂಡ ಬೇರೆ ಏನಾದರೂ ಮದ್ದು ತೆಗೆದುಕೊಳ್ಳುತ್ತಾರಾ ಎಂದು ನವಿ ಮುಂಬಯಿಯ ನೆರೂಳದ ಆಸ್ಪತ್ರೆಯಲ್ಲಿ ಮೂರು ಸಲ ಕೇಳಿದರು. ಮೂರು ಸಲವೂ ಜಲಜಾಕ್ಷಿ ಇಲ್ಲವೆಂದಳು. ಸುಳ್ಳು ಹೇಳುವ ಹೆಂಗಸಲ್ಲ ಅವಳು. ಅವಳ ಉಡುಪಿ ಕಡೆಯ ಮನೆಗಳಲ್ಲಿ ಮದ್ದು ಎಂದರೆ ಅಂಗಡಿಯಿಂದ ತಂದದ್ದು. ಮನೆಯ ಒಲೆಯಲ್ಲಿ ಕುದಿದದ್ದು ಕಷಾಯ. ಅದನ್ನು ಯಾರು ಮದ್ದೆನ್ನುತ್ತಾರೆ?

ಗಂಡ ಜಯಶೀಲ ಬೇಲಾಪುರದ ಹೋಟೆಲೊಂದರ ಮ್ಯಾನೇಜರು. ಆಫೀಸಿನವರೆಲ್ಲ ಉಂಡೆದ್ದ ಮೇಲೆ ಮೂರೂವರೆಗೆ ಅವನ ಊಟ. ಎದೆಯುರಿ, ಹುಳಿತೇಗು ಹತ್ತು ವರ್ಷದ್ದು. ಕ್ಯಾಮರಾ ಇಳಿಸಿ ನೋಡಿದವರು ಅನ್ನನಾಳ ಕೆಂಪಾಗಿ ಬಾತಿದೆ ಎಂದಿದ್ದರು. ಗುಳಿಗೆಗೆ ಉರಿ ಅರ್ಧ ಮಾತ್ರ ಇಳಿಯಿತು. ಆಮೇಲೆ ಜಲಜಾಕ್ಷಿ ಜೇಷ್ಠಮಧುವಿನ ಬೇರು ಜಜ್ಜಿ ಕುದಿಸಿ ಕೊಡತೊಡಗಿದಳು. ಹದಿನೈದೇ ದಿನಕ್ಕೆ ಅವನು ನೆಟ್ಟಗೆ ಮಲಗಿ ನಿದ್ದೆ ಮಾಡಿದ. ಅವಳಿಗೆ ಜಂಬ ಬಂತು. ಬರಲಿ ಬಿಡಿ, ಗೆದ್ದವಳಿಗೆ ಅಷ್ಟೂ ಬೇಡವೇ?

ವರ್ಷ ಕಳೆಯುವಷ್ಟರಲ್ಲಿ ಅವನ ಪಾದ ಊದಿತು, ಬಿಪಿ ಏರಿ ಅದಕ್ಕೊಂದು ಗುಳಿಗೆ ಶುರುವಾಯಿತು, ಕಾಲಲ್ಲಿ ಬಲ ಉಳಿಯಲಿಲ್ಲ. ಸುಸ್ತು ಎಂದ. ಅವಳು ಸಂಜೆಗೂ ಒಂದು ಲೋಟ ಶುರು ಮಾಡಿದಳು. ಮಂಗಳವಾರ ಸ್ಟೇಷನ್ನಿನ ಮೆಟ್ಟಿಲಲ್ಲಿ ಅವನು ಕುಸಿದುಬಿದ್ದ.

ರಕ್ತದಲ್ಲಿ ಪೊಟ್ಯಾಶಿಯಂ ತಳ ಕಂಡಿತ್ತು, ಎದೆಬಡಿತ ತಾಳ ತಪ್ಪಿತ್ತು. ಮೂರು ದಿನ ಡ್ರಿಪ್ ಹಾಕಿದರೂ ಪೊಟ್ಯಾಶಿಯಂ ಏರಲಿಲ್ಲ. ಜಲಜಾಕ್ಷಿ ಎರಡು ಹೊತ್ತೂ ಕಷಾಯದ ಫ್ಲಾಸ್ಕ್ ತರುತ್ತಲೇ ಇದ್ದಳು.

ನಾಲ್ಕನೇ ದಿನ ಬಂದ ಡಾಕ್ಟರ್ ಹೃಷೀಕೇಶ ಹುಬ್ಬಳ್ಳಿ ಮೂಲದವರು, ಮುಂಬಯಿ ಪಕ್ಕದ ಠಾಣೆಯಲ್ಲಿ ಬೆಳೆದವರು. ಅವರು ಮದ್ದಿನ ಮಾತೆತ್ತಲಿಲ್ಲ.

"ಮುಂಜಾನೆ ಎದ್ದಕೂಡ್ಲೆ ಏನ್ ಕುಡೀತಾರ್ರಿ?"

ಜಲಜಾಕ್ಷಿ ಬೇರಿನ ಅಳತೆ, ನೀರಿನ ಅಳತೆ ಎಲ್ಲ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಆ ಬೇರಿನಾಗ ಉರಿಯೂತ ಇಳಸೋ ಅಂಶ ಖರೇನ ಅದರಿ. ಆದ್ರ ಅದು ಮೈಯಾಗ ಉಪ್ಪು, ನೀರು ಹಿಡದಿಡ್ತದ, ಪೊಟ್ಯಾಶಿಯಂ ಹೊರಗ ಹಾಕ್ತದ. ಅವರ ಬಿಪಿ ಗೋಲಿನೂ ಪೊಟ್ಯಾಶಿಯಂ ಹೊರಗ ಹಾಕೋದ. ಹಾರ್ಟ್ ತಾಳ ತಪ್ಪಿದ್ದು ಅದಕ್ಕ."

"ಇವರು ಉಳೀತಾರಾ ಡಾಕ್ಟ್ರೇ?"

"ಬಂದ್ ಮಾಡ್ರಿ. ಬಂದ್ ಮಾಡಿದ್ರ ಉಳೀತಾರ."

ಅತಿಯಾದರೆ ಅಮೃತವೂ ವಿಷ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ಅವಳೇ. ಆ ಎರಡನೇ ಲೋಟ ನೆನೆದು, ಅವತ್ತು ತಂದಿದ್ದ ಫ್ಲಾಸ್ಕನ್ನು ಸಿಂಕಿಗೆ ಬಗ್ಗಿಸಿದಳು.

ಮಂಚದಲ್ಲಿ ಜಯಶೀಲ ಕಣ್ಣು ತೆರೆದ. "ಇವತ್ತು ಕಷಾಯ ಇಲ್ವಾ?"

"ಇಲ್ಲ. ನಿಮ್ಮನ್ನು ಬೀಳಿಸಿದ್ದೇ ಅದು. ನೀವು ಸುಸ್ತು ಅಂದಾಗ ಜಾಸ್ತಿ ಕೊಟ್ಟದ್ದು ನಾನು."

ಮಾತಾಡುವುದಕ್ಕೂ ಅವನಿಗೆ ಉಸಿರು ಕೂಡಿಸಿಕೊಳ್ಳಬೇಕಿತ್ತು.

"ಎದೆಯುರಿ ಹೋದದ್ದೂ ನಿನ್ನಿಂದಲೇ ಮಾರಾಯ್ತಿ. ಅದನ್ನೂ ಡಾಕ್ಟ್ರಿಗೆ ಹೇಳಿದ್ಯಾ?"

ನಾಲ್ಕು ದಿನದಿಂದ ಗಟ್ಟಿಯಾಗಿ ನಿಂತಿದ್ದ ಹೆಂಗಸು ಮಂಚದ ಸರಳು ಹಿಡಿದು ಅಳತೊಡಗಿದಳು.