ಕೂಸಿನ ತಲೆಯ ಮೇಲೆ ಇಟ್ಟ ಕೈ

ಜೇವರ್ಗಿಯ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನಾದರೂ ನಿಲ್ಲಿಸಿ ಕೇಳಿ ನೋಡಿ, ಲೂರ್ದಮ್ಮ ಸುಳ್ಳು ಹೇಳುವ ಹೆಂಗಸೇ ಎಂದು. ಕೇಳಿದ ನಿಮ್ಮನ್ನೇ ಬೈದು ಕಳಿಸುತ್ತಾರೆ. ಮುದಗಲ್ಲಿನ ಹಳೆಯ ಕಥೋಲಿಕ ಮನೆತನದಲ್ಲಿ ಹುಟ್ಟಿ, ಕಾಂಪೌಂಡರ್ ಗಂಡನ ಹಿಂದೆ ಈ ಊರಿಗೆ ಬಂದವಳು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ತುಳಿದು ಒಬ್ಬಳೇ ಮಗಳು ಜಸ್ಮೀನಳನ್ನು ಓದಿಸಿದಳು. ಓಣಿಯಲ್ಲಿ ಯಾವ ಬಸುರಿಗೆ ನೋವು ಬಂದರೂ ಆಸ್ಪತ್ರೆಗೆ ಜೊತೆ ಹೋಗುವವಳು ಇವಳೇ. ಸಂಬಳವಿಲ್ಲ, ಸಾರಿಗೆ ಖರ್ಚಿಲ್ಲ, ಯಾರ ಜಾತಿ ಯಾವುದೆಂದು ಕೇಳಿದ್ದೂ ಇಲ್ಲ. ಭಾನುವಾರ ಚರ್ಚಿನ ಪೂಜೆ ತಪ್ಪಿಸಿದವಳಲ್ಲ, ಜಪಸರ ಹೇಳದೆ ಮಲಗಿದವಳಲ್ಲ. ಇಂಥವಳು ಅರವತ್ತೊಂದನೆಯ ವಯಸ್ಸಿನಲ್ಲಿ ಒಂದು ಸುಳ್ಳು ಹೇಳಿದಳು. ಅದು ಅವಳನ್ನು ಹೇಗೆ ತಿಂದಿತು, ಕೇಳಿ.

ಜಸ್ಮೀನ ಮದುವೆಯಾದದ್ದು ಅಫಜಲಪುರದ ವಿಕ್ರಮನನ್ನು. ಅವನೂ ಅವಳೂ ಒಂದೇ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದವರು. ಹುಡುಗನ ಕಡೆಯವರು ಹಿಂದೂಗಳು. ಎರಡೂ ಮನೆಯಲ್ಲಿ ಒಂದು ವರ್ಷ ಅತ್ತೂ ಕರೆದೂ ಆದ ಮೇಲೆ ವಿಕ್ರಮನ ತಾಯಿ ಸರಸ್ವತಿಬಾಯಿ ತಾನೇ ಬಸ್ಸು ಹತ್ತಿ ಜೇವರ್ಗಿಗೆ ಬಂದು, ಲೂರ್ದಮ್ಮನ ಎದುರು ಚಾಪೆಯ ಮೇಲೆ ಕೂತಳು.

"ಬೀಗತೇರೇ, ಸೊಸಿ ಚರ್ಚಿಗಿ ಹೋಗ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಕುಂಕುಮ ಹಚ್ಚು ಅಂತ ಜುಲುಮಿ ಮಾಡಂಗಿಲ್ಲ. ಆದ್ರ ಹುಟ್ಟೋ ಕೂಸು ನಮ್ಮ ಮನಿದು. ಅದರ ತಲಿ ಮ್ಯಾಲೆ ನಿಮ್ಮ ದೀಕ್ಷಾಸ್ನಾನದ ನೀರು ಬೀಳಬಾರದು. ಈ ಒಂದು ಮಾತು ಕೊಡ್ರಿ."

ಲೂರ್ದಮ್ಮ ಮಗಳ ಮುಖ ನೋಡಿದಳು. "ಕೊಟ್ಟೇನ್ರಿ," ಎಂದಳು.

ಸರಸ್ವತಿಬಾಯಿ ಆಡಿದಂತೆ ನಡೆದುಕೊಂಡಳು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಪ್ರತಿ ಭಾನುವಾರ ಸೊಸೆಯನ್ನು ಚರ್ಚಿನ ಪೂಜೆಗೆ ಎಬ್ಬಿಸಿ ಕಳಿಸುವವಳು ಅವಳೇ. ಮಾತು ಮುರಿದದ್ದು ಈ ಕಡೆಯಿಂದ.

ಮೊದಲ ಹೆರಿಗೆಗೆಂದು ಜಸ್ಮೀನ ತವರಿಗೆ ಬಂದು ವಾರವೂ ಆಗಿರಲಿಲ್ಲ, ಎಂಟನೆಯ ತಿಂಗಳಿಗೇ ನೋವು ಕಾಣಿಸಿತು. ಊರ ಆಸ್ಪತ್ರೆಯಲ್ಲಿ ಹುಟ್ಟಿದ್ದು ಹೆಣ್ಣು ಕೂಸು. ಒಂದೂವರೆ ಕಿಲೋ ತೂಕ, ಅಂಗೈ ಅಗಲದ ಬೆನ್ನು, ತುಟಿ ನೇರಳೆ ಹಣ್ಣಿನ ಬಣ್ಣ. ಈಗಿಂದೀಗ ಕಲಬುರಗಿಗೆ ಒಯ್ಯಬೇಕು, ಆಂಬುಲೆನ್ಸ್ ಹೊರಟಿದೆ ಎಂದರು ಡಾಕ್ಟರು. ಕೂಸಿನ ಮೂಗಿಗೆ ಆಕ್ಸಿಜನ್ ನಳಿಗೆ ಇಟ್ಟು ನರ್ಸಮ್ಮ ಕಾಗದ ತರಲು ಓಡಿದಳು. ವಿಕ್ರಮ ಇನ್ನೂ ದಾರಿಯಲ್ಲಿದ್ದ. ಜಸ್ಮೀನಳಿಗೆ ಹೊಲಿಗೆ ಹಾಕುತ್ತಿದ್ದರು. ಕೂಸಿನ ಹತ್ತಿರ ಉಳಿದವಳು ಲೂರ್ದಮ್ಮ ಒಬ್ಬಳೇ.

ನೋಡುತ್ತಿದ್ದಂತೆ ಕೂಸಿನ ಎದೆ ಏರುವುದು ನಿಧಾನವಾಯಿತು. ಅಷ್ಟು ಹೆರಿಗೆ ಕಂಡವಳಿಗೆ ಇದರ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ. ಸಾಯುವ ಕೂಸಿಗೆ ಫಾದರ್ ಇಲ್ಲದಿದ್ದರೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದೆಂದು ಮುದಗಲ್ಲಿನಲ್ಲಿ ಏಳು ವರ್ಷದವಳಿದ್ದಾಗಲೇ ಬಾಯಿಪಾಠ ಮಾಡಿದ್ದಳು. ಕೊಟ್ಟ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು, ಚೆನ್ನಾಗಿಯೇ ನೆನಪಾಯಿತು. ಆದರೂ ಬಾಟಲಿಯ ಮುಚ್ಚಳದಲ್ಲಿ ನೀರು ಬಗ್ಗಿಸಿಕೊಂಡು, ಮೂರು ಸಲ ಆ ಪುಟ್ಟ ನೆತ್ತಿಯ ಮೇಲೆ ಹನಿಸಿ, "ಮರಿಯಾ, ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ," ಎಂದುಬಿಟ್ಟಳು. ತಿರುಗಿ ನೋಡಿದರೆ ಬಾಗಿಲಲ್ಲಿ ಆಯಾ ನಜಮುನ್ನಿಸಾ ಬಕೆಟ್ ಹಿಡಿದು ನಿಂತಿದ್ದಳು. ಅಷ್ಟರಲ್ಲಿ ನರ್ಸಮ್ಮ ಕಾಗದ ಹಿಡಿದು ಓಡಿಬಂದಳು, ಕೂಸನ್ನು ಆಂಬುಲೆನ್ಸಿಗೆ ಒಯ್ದರು.

ಕೂಸು ಸಾಯಲಿಲ್ಲ. ಕಲಬುರಗಿಯ ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತೆರಡು ದಿನ ಇದ್ದು ಗೆದ್ದುಬಂತು. ಜಸ್ಮೀನಳನ್ನೂ ಕೂಸನ್ನೂ ಸರಸ್ವತಿಬಾಯಿ ಅಲ್ಲಿಂದಲೇ ಅಫಜಲಪುರಕ್ಕೆ ಕರೆದೊಯ್ದಳು. ಊರೆಲ್ಲ ಲೂರ್ದಮ್ಮನ ಬಾಯಿಗೆ ಸಕ್ಕರೆ ಹಾಕಿತು. ಪಾಪ, ಅವಳಿಗೆ ಅದು ನುಂಗಲಾಗಲಿಲ್ಲ. ಕೂಸು ಸತ್ತಿದ್ದರೆ ಆ ನೀರಿನ ಗುಟ್ಟು ಅದರ ಜೊತೆಗೇ ಮಣ್ಣಾಗುತ್ತಿತ್ತು. ಬದುಕಿತು, ಇನ್ನು ಗುಟ್ಟೂ ಬದುಕಿಯೇ ಇರುತ್ತದೆ. ಛೀ, ಎಂಥ ಅಜ್ಜಿ ನಾನು, ಎಂಥ ಯೋಚನೆ ಬಂತು ಎಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು.

ಪಾಪನಿವೇದನೆಯಲ್ಲಿ ಫಾದರ್ ಸಮಾಧಾನವಾಗಿಯೇ ಮಾತಾಡಿದರು. "ನೀರು ಹಾಕಿದ್ದು ಹಾಕಿದ್ದೇ ಅಮ್ಮಾ, ಅದನ್ನು ಒರೆಸಲು ಯಾರಿಂದಲೂ ಆಗದು. ಆದರೆ ಕೂಸಿನ ತಂದೆ ತಾಯಿಗೆ ನೀವೇ ಹೇಳಬೇಕು. ಬೇರೆಯವರ ಬಾಯಿಂದ ಕೇಳುವ ಮೊದಲೇ ಹೇಳಬೇಕು."

"ತೊಟ್ಟಿಲ ಕಾರ್ಯ ಮುಗೀಲಿ ಫಾದರ್," ಎಂದಳು ಲೂರ್ದಮ್ಮ. ಹೇಳಿದ ಮೇಲೆ ಕೂಸನ್ನು ಕೈಗೆ ಕೊಡುವುದಿಲ್ಲ ಎಂದು ಗೊತ್ತಿತ್ತು ಅವಳಿಗೆ. ಒಮ್ಮೆ ಎತ್ತಿಕೊಂಡು ಬಂದುಬಿಡುತ್ತೇನೆ ಎನ್ನುವ ಆಸೆ.

ತೊಟ್ಟಿಲು ಬುಧವಾರ. ಹೆರಿಗೆಯಲ್ಲಿ ನೆರವಾದ ನಜಮುನ್ನಿಸಾಳಿಗೂ ಕರೆ ಇತ್ತು, ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು. ದಾರಿಯುದ್ದಕ್ಕೂ ತೊಗರಿ ಹೊಲ, ಬಿಸಿಲು, ಸೀಟಿನ ಮೇಲೆಲ್ಲ ಧೂಳು. ಆ ದಿನ ನೋಡಿದ್ದನ್ನು ಬಾಯಿಬಿಡಬೇಡ ಎಂದು ಹೇಳಬೇಕೆಂದು ಲೂರ್ದಮ್ಮ ನಾಲ್ಕು ಸಲ ಬಾಯಿ ತೆರೆದಳು. ಹೇಳಿದರೆ ಅದೇ ಒಪ್ಪಿಕೊಂಡಂತಾಗುತ್ತದೆ ಎಂದು ನಾಲ್ಕು ಸಲವೂ ಸುಮ್ಮನಾದಳು.

ಸುಮ್ಮನಾಗಬಾರದಿತ್ತು. ಹೆಂಗಸರು ತೊಟ್ಟಿಲಿನ ಸುತ್ತ ನೆರೆದಾಗ ಯಾರೋ, ಇಷ್ಟು ಸಣ್ಣ ಕೂಸು ಹೇಗೆ ಉಳಿಯಿತೋ ಎಂದರು. ಕಪಟವೇ ಅರಿಯದ ನಜಮುನ್ನಿಸಾ ಖುಷಿಯಿಂದ ಕೈ ಮೇಲೆತ್ತಿದಳು.

"ನೀವು ಏನರ ಅನ್ರಿ, ನಾ ಕಣ್ಣಾರೆ ನೋಡೇನಿ. ಅವತ್ತ ಲೂರ್ದಮ್ಮ ತಲಿಗಿ ನೀರು ಹಾಕಿ ದುವಾ ಮಾಡಿದ್ಲು, ಕೂಸು ಗಪ್ಪನೆ ಉಸಿರು ತೊಗೊಂತು. ಅಲ್ಲಾನ ಮೆಹರಬಾನಿ!"

ಹೆಂಗಸರೆಲ್ಲ ನಕ್ಕರು. ಸರಸ್ವತಿಬಾಯಿ ನಗಲಿಲ್ಲ. ಕುಂಕುಮದ ಬಟ್ಟಲನ್ನು ಕೆಳಗಿಟ್ಟು, "ಬೀಗತೇರೇ, ಕೂಸಿನ ಎತ್ತಿಕೊಂಡು ಜರಾ ಒಳಗ ಬರ್ರಿ," ಎಂದಳು.

ಒಳಕೋಣೆಯಲ್ಲಿ ಮೂವರೇ. ಜಸ್ಮೀನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ಲೂರ್ದಮ್ಮನ ತೋಳಿನಲ್ಲಿ ಕೂಸು ಬಾಯಿ ಚಪ್ಪರಿಸುತ್ತಿತ್ತು.

"ಆಕಿ ಹೇಳಿದ್ದು ಖರೇನ್ರಿ?"

ಲೂರ್ದಮ್ಮ ಕೂಸಿನ ಬಟ್ಟೆ ಸರಿಮಾಡತೊಡಗಿದಳು.

"ಅಂದವರ ಮಾತಿಗಿ ನಾ ಕಿವಿ ಕೊಡಂಗಿಲ್ಲ. ನೀವು ಸುಳ್ಳಾಡೋರಲ್ಲ, ಅದು ನನಗ ಗೊತ್ತದ. ಕೂಸಿನ ತಲಿ ಮ್ಯಾಲೆ ಕೈ ಇಟ್ಟು ಹೇಳಿಬಿಡ್ರಿ, ಹಾಕಿಲ್ಲ ಅಂತ. ಇನ್ನೊಮ್ಮಿ ಕೇಳಂಗಿಲ್ಲ."

ಮಗಳ ಕಣ್ಣು ಬೇಡುತ್ತಿತ್ತು. ಇಲ್ಲ ಅನ್ನು ಅವ್ವಾ, ಇಲ್ಲ ಅಂದುಬಿಡು. ಲೂರ್ದಮ್ಮ ಕೈ ಎತ್ತಿದಳು. ಕೂಸಿನ ನೆತ್ತಿ ಅಂಗೈಯಲ್ಲಿ ಮೆಲ್ಲಗೆ ಮಿಡಿಯುತ್ತಿತ್ತು. ನೀರು ಬಿದ್ದದ್ದು ಸರಿಯಾಗಿ ಅಲ್ಲಿಯೇ.

"ಇಲ್ರಿ," ಎಂದಳು. "ಒದ್ದಿ ಅರಿವಿಲೆ ಮುಖ ಒರಸಿದ್ದೆ. ಅಷ್ಟ."

ಸರಸ್ವತಿಬಾಯಿಯ ಕಣ್ಣು ತುಂಬಿತು. "ನನ್ನ ತಪ್ಪಾತ್ರಿ. ಕೇಳಬಾರದಿತ್ತು," ಎಂದು ಲೂರ್ದಮ್ಮನ ಎರಡೂ ಕೈ ಹಿಡಿದುಕೊಂಡಳು. ಹೊರಗೆ ಕರೆತಂದು, ಕೂಸನ್ನು ತೊಟ್ಟಿಲಿಗೆ ಮೊದಲು ಹಾಕುವ ಮರ್ಯಾದೆ ಅವಳಿಗೇ ಕೊಟ್ಟಳು. ಕೂಸಿನ ಸೋದರತ್ತೆ ವೃಂದಾ ಅದರ ಕಿವಿಯಲ್ಲಿ ಮಂಜರಿ ಎಂದು ಹೆಸರು ಕೂಗಿದಳು. ಊಟವಾದ ಮೇಲೆ ಸರಸ್ವತಿಬಾಯಿ ಎಲ್ಲರೆದುರೇ ಹೇಳಿದಳು: "ಐತವಾರ ಕಾರ್ ಮಾಡಿ ಇಬ್ಬರನ್ನೂ ಕಳಸ್ತೇನ್ರಿ. ಅರ್ಧಕ್ಕ ನಿಂತ ಬಾಣಂತನ ನಿಮ್ಮ ಮನಿಯಾಗೇ ಮುಗೀಲಿ. ಎರಡು ತಿಂಗಳು ಮೊಮ್ಮಗಳನ್ನ ಮನಸ್ಸು ತುಂಬಾ ಆಡಿಸ್ರಿ."

ಬೇಡಿದ್ದಕ್ಕಿಂತ ಹೆಚ್ಚೇ ಸಿಕ್ಕಿತಲ್ಲ, ಸಂತೋಷಪಡಬೇಡವೇ? ತಿರುಗಿ ಬರುವ ಬಸ್ಸಿನಲ್ಲಿ ಜಪಸರ ತೆಗೆದಳು, ಮೊದಲ ಮಣಿಯನ್ನೇ ದಾಟಲಾಗಲಿಲ್ಲ. ಸುಳ್ಳಾಣೆ ಇಟ್ಟರೆ ಕೂಸಿಗೆ ತಟ್ಟುತ್ತದೆ ಎಂದು ಓಣಿಯ ಹೆಂಗಸರು ಹೇಳಿದಾಗಲೆಲ್ಲ ನಕ್ಕವಳು ಇವಳು. ದೇವರು ಹಾಗೆಲ್ಲ ಕೂಸುಗಳ ಮೇಲೆ ಸೇಡು ತೀರಿಸಿಕೊಳ್ಳುವುದಿಲ್ಲ ಎಂದು ಬುದ್ಧಿ ಹೇಳಿದವಳು. ಈಗ ಅಂಗೈಯಲ್ಲಿ ಆ ನೆತ್ತಿ ಮಿಡಿಯುತ್ತಲೇ ಇತ್ತು. ಸೀರೆಗೆ ತಿಕ್ಕಿದಳು, ಮನೆಗೆ ಬಂದು ನಳದ ಕೆಳಗೆ ಹಿಡಿದಳು, ಹೋಗಲಿಲ್ಲ. ತಾನು ಕೊಟ್ಟ ದೀಕ್ಷೆಯನ್ನು ತಾನೇ ಇಲ್ಲವೆಂದವಳಿಗೆ ಯಾವ ದೇವರ ಮುಂದೆ ಕೈ ಮುಗಿಯಬೇಕೆಂದು ತಿಳಿಯಲಿಲ್ಲ. ಇಡೀ ರಾತ್ರಿ ಎದ್ದು ಕೂತು ಬೆಳಗು ಮಾಡಿದಳು.

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ, ಭಾನುವಾರ ಬರುವ ಕೂಸಿನ ತಲೆಗೆಂದು ಕುಂಚಿಗೆ ಹೊಲಿಯುತ್ತ ಕೂತಿದ್ದಾಗ ಫೋನು ಬಂತು. ವಿಕ್ರಮನದು. ಕುಂಚಿಗೆ ಬದಿಗಿಟ್ಟು ಎತ್ತಿದಳು.

"ಅತ್ತಿ, ಮಂಜರಿಗಿ ಜ್ವರ ಬಂದದ್ರಿ. ಮೈ ಸುಡಾಕತ್ತದ, ಒಂದೇ ಸವನೆ ಅಳಾಕತ್ಯಾಳ. ಜಸ್ಮೀನ ನಿಮ್ಮನ್ನೇ ಕೇಳು ಅಂದಳು..."

"ನಿಮ್ಮ ಅವ್ವಗ ಫೋನ್ ಕೊಡ್ರಿ."

"ಅಲ್ರಿ ಅತ್ತಿ, ಮೊದಲ ನನ್ನ ಮಾತ ಕೇಳ್ರಿ..."

"ಕೊಡ್ರಿ ಅಂದೆ!"

ಅಳಿಯನಿಗೆ ಎಂದೂ ದನಿ ಎತ್ತಿದವಳಲ್ಲ. ಅವನು ಬೆಪ್ಪಾಗಿ ಫೋನನ್ನು ತಾಯಿಗೆ ಕೊಟ್ಟ. ಕೂಸಿನ ಅಳು ಹತ್ತಿರವಾಯಿತು.

"ಬೀಗತೇರೇ, ನಾ ಸುಳ್ಳು ಹೇಳಿದೆ. ನೀರು ಹಾಕೇನ್ರಿ. ಸಾಯ್ತದ ಅಂತ ಅಂಜಿ ಹಾಕಿದೆ, ಮರಿಯಾ ಅಂತ ಹೆಸರೂ ಇಟ್ಟೇನಿ. ಕೂಸಿನ ತಲಿ ಮುಟ್ಟಿ ಸುಳ್ಳಾಣೆ ಮಾಡಿದೆ, ಅದು ಆಕಿಗಿ ಸುಡಾಕತ್ತದ. ನನಗ ಏನು ಬೇಕಾದ್ದು ಮಾಡ್ರಿ, ಆಣೆ ಮಾತ್ರ ಇಳಿಸಿಬಿಡ್ರಿ!" ಒಂದೇ ಉಸಿರಿನಲ್ಲಿ ಹೇಳಿ ಹೋ ಎಂದು ಅತ್ತಳು.

ಆ ಕಡೆ ಸರಸ್ವತಿಬಾಯಿ ಕೂಸನ್ನು ತಟ್ಟುತ್ತಿದ್ದ ಸಪ್ಪಳ ಕೇಳಿಸಿತು.

"ಮುಂಜಾನೆ ಒಂದೂವರಿ ತಿಂಗಳ ಇಂಜೆಕ್ಷನ್ ಮಾಡಿಸ್ಕೊಂಡು ಬಂದೇವ್ರಿ," ಎಂದಳು ಸರಸ್ವತಿಬಾಯಿ. "ಅದರ ಜ್ವರ. ನರ್ಸಮ್ಮ ಕೊಟ್ಟ ಹನಿ ಔಷಧ ಹಾಲು ಕುಡಿಸೋಕಿಂತ ಮೊದಲ ಹಾಕಬೇಕೋ, ಆಮ್ಯಾಲೋ ಅಂತ ಕೇಳಾಕ ಫೋನ್ ಹಚ್ಚಿದ್ದ ನನ್ನ ಮಗ."

ಇಂಜೆಕ್ಷನ್ ಜ್ವರ! ಜೇವರ್ಗಿಯ ಎಷ್ಟು ಬಾಣಂತಿಯರಿಗೆ, ಅಂಜಬೇಡ ತಂಗಿ, ಒಂದೆರಡು ದಿನದಲ್ಲಿ ಇಳಿಯುತ್ತದೆ ಎಂದು ಇದೇ ಬಾಯಿಯಿಂದ ಹೇಳಿದ್ದಳು.

"ಹೇಳ್ರಿ," ಎಂದಳು ಸರಸ್ವತಿಬಾಯಿ. "ಮೊದಲೋ, ಆಮ್ಯಾಲೋ?"

"ಹಾಲು ಕುಡದ ಮ್ಯಾಲೆ ಹಾಕ್ರಿ. ನರ್ಸಮ್ಮ ಚೀಟಿಯಾಗ ಬರೆದಷ್ಟ, ಹೆಚ್ಚು ಬ್ಯಾಡ. ದಪ್ಪ ಅರಿವಿ ಹೊಚ್ಚಬ್ಯಾಡ್ರಿ."

"ಆತ್ರಿ." ಸರಸ್ವತಿಬಾಯಿಯ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಐತವಾರ ಕಾರ್ ಬರಂಗಿಲ್ಲ. ಇನ್ನ ಮ್ಯಾಲೆ ನೀವು ನಮ್ಮ ಮನಿಗಿ ಫೋನೂ ಮಾಡಬ್ಯಾಡ್ರಿ."

ಹಿಂದೆ ಜಸ್ಮೀನ ಏನೋ ಕೂಗಿದಳು. ಕೂಸು ಅಳುತ್ತಲೇ ಇತ್ತು. ಫೋನು ಕಟ್ಟಾಗುವವರೆಗೂ ಲೂರ್ದಮ್ಮ ಆ ಅಳುವಿಗೆ ಕಿವಿ ಒತ್ತಿ ಹಿಡಿದಿದ್ದಳು.