ಟಾರ್ಪಾಲಿನ ಕೆಳಗಿನ ಬೇಸಿಗೆ

ಭಾವ ಫೋನಿನಲ್ಲಿ "ಸೊನ್ನೆ" ಎಂದಾಗ ಅವರ ಹಿಂದೆ ಕೇಳಿಸಿದ್ದು ಮಳೆಯೇ ಇರಬಹುದೇ? ಅಥವಾ ಅಕ್ಕ ಒಲೆಯ ಮೇಲೆ ಏನನ್ನೋ ಹುರಿಯುತ್ತಿದ್ದಳೇ? ಆದರೆ ಹನ್ನೊಂದು ಸಂಜೆ ಒಂದೇ ಸಮನೆ ಯಾರಾದರೂ ಹುರಿಯುತ್ತಾರೆಯೇ?

ಫೋನಿಟ್ಟ ಮೇಲೂ ಅವನು ಅದನ್ನೇ ಯೋಚಿಸುತ್ತ ಕುಳಿತಿದ್ದ. ಬಯಲಿನ ಹವಾಮಾನ ಕಚೇರಿಯಲ್ಲಿ ಮುನ್ಸೂಚನೆ ಬರೆಯುವವನು ಅವನು. ಅಲ್ಲಿ ಅವನಿಗೆ ಮೌನಿ ಎಂದು ಅಡ್ಡಹೆಸರು. ಮಾತು ಕಡಿಮೆಯಾದವರಿಗೆ ಬೇರೆಯವರ ಮಾತಿನ ಹಿಂದಿನ ಸದ್ದು ಹೆಚ್ಚು ಕೇಳಿಸುತ್ತದೆ. ಬೆಟ್ಟದ ಮೇಲಿನ ವೀಕ್ಷಣಾ ಕೇಂದ್ರಕ್ಕೆ ಅವನ ಭಾವ ಒಬ್ಬರೇ ನೌಕರರು. ಅಲ್ಲೇ ಅವರ ಮನೆ. ದಿನಾ ಸಂಜೆ ಐದೂವರೆಗೆ ಮಳೆಮಾಪಕ ನೋಡಿ ಅಂಕಿ ಹೇಳುವುದು ಅವರ ಕೆಲಸ, ಬರೆದುಕೊಳ್ಳುವುದು ಇವನ ಕೆಲಸ.

ಬೇಸಿಗೆಯ ಮೊದಲ ತಿಂಗಳ ಮುನ್ನೋಟ ನಾಳೆ ಹೊರಡಬೇಕಿತ್ತು. ಬೆಟ್ಟ ಒಣಗಿದೆ ಎಂದು ಬರೆದರೆ ನೀರಿನ ಕಚೇರಿಯವರು ಸೋಮವಾರದಿಂದಲೇ, ಬೆಟ್ಟದ ನೀರನ್ನೇ ನಂಬಿದ ಬಯಲಿನ ಊರುಗಳಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಅವನು ಮತ್ತೆ ಫೋನು ಎತ್ತಿಕೊಂಡ.

"ಭಾವ, ಅಲ್ಲಿ ಮಳೆ ಬರ್ತಿದ್ಯಾ?"

"ಧೋ ಅಂತ ಸುರೀತಿದೆ ಕಣಯ್ಯಾ. ಹನ್ನೊಂದು ದಿನದಿಂದ ಇದೇ ಗೋಳು."

"ಮತ್ತೆ ಸೊನ್ನೆ ಅಂದ್ರಲ್ಲ?"

"ಮಾಪಕದಲ್ಲಿ ಎಷ್ಟು ಅಂತ ನೀನು ಕೇಳ್ದೆ, ನಾನು ಸೊನ್ನೆ ಅಂದೆ. ಮಳೆ ಬರ್ತಿದ್ಯಾ ಅಂತ ಯಾವತ್ತು ಕೇಳಿದ್ದೀಯಾ? ಇವತ್ತೇ ಮೊದಲು. ಇರೋದನ್ನ ಇದ್ದ ಹಾಗೆ ಹೇಳೋನು ನಾನು. ಒಂದಕ್ಕೆ ಎರಡು ಸೇರಿಸೋ ಜಾಯಮಾನ ನಂದಲ್ಲ."

"ಮಾಪಕಕ್ಕೆ ಏನಾಗಿದೆ?"

ಆ ಕಡೆ ಮೌನ. ಮೌನಗಳ ವಿಷಯದಲ್ಲಿ ಇವನದು ಪಳಗಿದ ಕಿವಿ. ಇದು ಹೆಂಡತಿ ಪಕ್ಕದಲ್ಲೇ ನಿಂತಿರುವ ಗಂಡಸಿನ ಮೌನ.

"ನಿಮ್ಮಕ್ಕ," ಭಾವ ದನಿ ತಗ್ಗಿಸಿದರು, "ಕೋಳಿಗಳಿಗೆ ನೆರಳು ಅಂತ ಅಂಗಳಕ್ಕೆ ಟಾರ್ಪಾಲು ಕಟ್ಟಿಸಿದ್ದಾಳೆ. ಮಾಪಕ ಅದರ ಅಡಿಗೆ ಸೇರ್ಕೊಂಡಿದೆ. ಬಿಚ್ಚು ಅನ್ನೋ ಧೈರ್ಯ ನಿನಗಿದ್ರೆ ನೀನೇ ಅನ್ನು."

ಫೋನು ಅಕ್ಕನ ಕೈಗೆ ಹೋಯಿತು.

"ದಿನಾ ಫೋನು ಮಾಡ್ತೀಯಾ, ಅಕ್ಕ ಬದುಕಿದ್ದಾಳಾ ಅಂತ ಒಂದಿನ ಕೇಳಿದ್ದೀಯೇನೋ? ಈಗ ಟಾರ್ಪಾಲಿನ ಯೋಗಕ್ಷೇಮ!"

"ಅಕ್ಕ, ಅದನ್ನ ಬಿಚ್ಚು."

"ಕೋಳಿ ಬಿಸಿಲಿಗೆ ಸಾಯ್ಲಾ?"

"ಬಿಸಿಲೆಲ್ಲಿದೆ ಅಕ್ಕ? ಮಳೆ ಬರ್ತಿದೆ."

"ಹಾಗಾದ್ರೆ ನೆನೆದು ಸಾಯ್ಲಾ?"

ಇದಕ್ಕೆ ಹವಾಮಾನ ಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ವಿಷಯ ತನ್ನ ಕಚೇರಿಯ ಸಾಹೇಬರಿಗೆ ಗೊತ್ತಾದರೆ ಭಾವನ ನೌಕರಿಯ ಜೊತೆ ಆ ಮನೆಯೂ ಹೋಗುತ್ತದೆ ಎಂದು ಬಿಡಿಸಿ ಹೇಳಿದ ಮೇಲೆ ಅಕ್ಕ ತುಸು ಕರಗಿದಳು. ಟಾರ್ಪಾಲನ್ನು ಎರಡು ಮಾರು ಪಕ್ಕಕ್ಕೆ ಸರಿಸಲು ಒಪ್ಪಿದಳು. "ಆದ್ರೂ ಕೋಳಿಗಳನ್ನ ಒಂದು ಮಾತು ಕೇಳ್ಬೇಕು," ಎಂದು ಫೋನಿಟ್ಟಳು.

ಹನ್ನೊಂದು ಸೊನ್ನೆಗಳು ಆಗಲೇ ಮೇಲಿನ ಕಚೇರಿಗೆ ಹೋಗಿಬಿಟ್ಟಿದ್ದವು. ತಿದ್ದಬೇಕೆಂದರೆ ಅರ್ಜಿಯಲ್ಲಿ ಕಾರಣ ಬರೆಯಬೇಕು. ಕಾರಣ ಎಂಬಲ್ಲಿ ಕೋಳಿ ಎಂದು ಬರೆದು ಭಾವನನ್ನು ಉಳಿಸುವುದು ಹೇಗೆ? ಬರೆಯದೆ ಬಿಟ್ಟು ಬಯಲಿನ ಊರುಗಳ ನಲ್ಲಿ ಒಣಗಿಸುವುದು ಹೇಗೆ?

ಮರುದಿನ ಬೆಳಿಗ್ಗೆ ಅವನು ಸಾಹೇಬರ ಮೇಜಿನ ಮೇಲೆ ಮುನ್ನೋಟ ಇಟ್ಟ. ಬಯಲಿನಲ್ಲಿ ಬಿಸಿಲು, ಸೆಕೆ. ಬೆಟ್ಟದಲ್ಲಿ ದಿನವೂ ಮಧ್ಯಾಹ್ನದ ಮೇಲೆ ಗುಡುಗು, ಒಳ್ಳೆಯ ಮಳೆ.

"ಏನ್ರೀ ಇದು? ಸೊನ್ನೆಗಳ ಸರಮಾಲೆ ಮುಂದಿಟ್ಕೊಂಡು ಒಳ್ಳೆ ಮಳೆ ಅಂತೀರಲ್ಲ! ಆಧಾರ ಏನು?"

ಅವನು ಕಿಟಕಿಯ ಆಚೆ ನೋಡಿದ. ಸಾಹೇಬರೂ ನೋಡಿದರು. ದೂರದ ಬೆಟ್ಟದ ನೆತ್ತಿಯ ಮೇಲೆ ಒಂದು ಬಡಕಲು ಮೋಡ ಕುಳಿತಿತ್ತು. ಅವನು ಬಾಯಿಬಿಡದೆ ನಿಂತಷ್ಟೂ ಸಾಹೇಬರ ಮುಖದಲ್ಲಿ ಗೌರವ ಏರುತ್ತ ಹೋಯಿತು.

"ಓಹೋ, ಹಾಗೆ," ಎಂದರು ಕೊನೆಗೆ. "ನನಗೂ ಅನ್ನಿಸ್ತು ಬಿಡಿ." ಸಹಿ ಹಾಕಿದರು.

ಸಂಜೆ ಐದೂವರೆಗೆ ಅವತ್ತು ಭಾವನೇ ಫೋನು ಮಾಡಿದರು. "ನಲವತ್ತೆರಡು ಮಿಲಿಮೀಟರ್. ಮಾಪಕದಲ್ಲಿ ಇದ್ದಿದ್ದು ಇದ್ದ ಹಾಗೆ."

ಸಾಹೇಬರು ಅಂಕಿಯ ಚೀಟಿ ಹಿಡಿದು ಕಚೇರಿ ತುಂಬ ಓಡಾಡಿದರು. ನೀರಿನ ಕಚೇರಿಗೆ ತಾವೇ ಫೋನು ಮಾಡಿ, ಊರುಗಳ ನಲ್ಲಿ ಮುಟ್ಟಬೇಡಿ ಎಂದರು. ಆಮೇಲೆ ಅವನ ಮೇಜಿನ ಅಂಚಿಗೆ ಒರಗಿ ನಿಂತರು.

"ಹನ್ನೊಂದು ದಿನ ಒಣಗಿದ್ದ ಬೆಟ್ಟ ಕಣ್ರೀ! ಬೆಳಿಗ್ಗೆ ಬರೆದ್ರಿ, ಸಂಜೆಗೆ ಸುರೀತು. ಎಲ್ಲಿ ಕಲಿತ್ರಿ ಇದನ್ನ?"

ನಿಜ ನಾಲಿಗೆಯ ತುದಿಗೆ ಬಂದಿತ್ತು. ಅದರ ಬೆನ್ನಿಗೇ ಹಾಸಿಗೆ ಸುತ್ತಿಕೊಂಡು ಬೆಟ್ಟ ಇಳಿಯುತ್ತಿರುವ ಭಾವ, ಬುಟ್ಟಿಯಲ್ಲಿ ಕೋಳಿ ಹೊತ್ತ ಅಕ್ಕ ಕಣ್ಣಿಗೆ ಕಟ್ಟಿದರು. ಅವನು ಮತ್ತೆ ಕಿಟಕಿಯ ಕಡೆ ತಿರುಗಿದ.

"ಬೇಡ, ಹೇಳ್ಬೇಡಿ," ಎಂದರು ಸಾಹೇಬರು, ಅವನ ಹೆಗಲು ತಟ್ಟುತ್ತ. "ಇಂಥ ವಿದ್ಯೆ ಬಾಯಿಬಿಟ್ರೆ ಕೈಬಿಟ್ಟು ಹೋಗುತ್ತೆ."

ತಾನು ಮುಂಚಿತವಾಗಿ ಹೇಳಿದ್ದು ಹನ್ನೊಂದು ದಿನದಿಂದ ಸುರಿಯುತ್ತಲೇ ಇದ್ದ ಮಳೆಯನ್ನು ಎಂದು ಅವನು ಯಾರಿಗೂ ಹೇಳಲಿಲ್ಲ.